ದೇವರ ಪಟದ ಮುಂದಿನ ಹನ್ನೆರಡು ವೋಲ್ಟ್ ಬಲ್ಬು

ಹದಿನಾಲ್ಕು ತಿಂಗಳಲ್ಲಿ ಆರು ಬ್ಯಾಟರಿ, ಒಬ್ಬ ಮರ್ಯಾದಸ್ಥನ ಮೂರು ವಾರದ ಸಂಬಳ, ನನ್ನ ಕೈಲಿದ್ದ ಒಂದು ಕಾಂಟ್ರಾಕ್ಟು. ಆ ಕೇಸಿನಲ್ಲಿ ಹೋದದ್ದು ಇಷ್ಟು. ಕಾರಣ, ವ್ಯಾಪಾರ ಕುದುರಲೆಂದು ನಾನು ಪುಕ್ಕಟೆ ಹಾಕಿಕೊಟ್ಟ ಒಂದು ಬಲ್ಬು. ಅಂಗಡಿ ಮುಚ್ಚಿ, ಸೊಂಟ ಹಿಡಿದುಕೊಂಡು ಕೂತಿರುವ ಈ ಹೊತ್ತಿನಲ್ಲಿ ಬೇರೆ ಕೇಸುಗಳೆಲ್ಲ ಮಸುಕಾಗಿವೆ, ಇದೊಂದು ಬಿಡುತ್ತಿಲ್ಲ.

೧೯೯೭ರಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಬ್ಯಾಟರಿ ಅಂಗಡಿ ಇತ್ತು. ಎಂಟನೇ ಕ್ಲಾಸಿಗೆ ಓದು ಬಿಟ್ಟವನು ನಾನು. ಆಸಿಡ್ ಬಿದ್ದು ಪ್ಯಾಂಟು ತೂತಾಗುತ್ತಾ ಆಗುತ್ತಾ ಕಲಿತ ವಿದ್ಯೆ. ಆ ವರ್ಷ ಫೆಬ್ರವರಿಯಲ್ಲಿ ರಿಚರ್ಡ್ಸ್ ಟೌನಿನ ಒಂದು ಹೆರಿಗೆ ನರ್ಸಿಂಗ್ ಹೋಮಿನವರು ಜನರೇಟರಿಗೆ ಬ್ಯಾಟರಿ, ಚಾರ್ಜರ್ ಹಾಕಿ ನೋಡಿಕೊಳ್ಳುವವರನ್ನು ಹುಡುಕುತ್ತಿದ್ದರು. ನಾಲ್ಕು ಜನ ಪೈಪೋಟಿಯಲ್ಲಿದ್ದೆವು. ಒಡತಿ ಡಾಕ್ಟರಮ್ಮ ಜನರೇಟರ್ ರೂಮಿನಲ್ಲಿ ಗಣಪತಿ ಪಟ ಇಡಿಸಿದ್ದರು. ಕರೆಂಟು ಹೋದರೂ ಪಟದ ಮುಂದೆ ದೀಪ ಆರಬಾರದು ಎಂದರು. ಉಳಿದವರು ಯೋಚಿಸುವಷ್ಟರಲ್ಲಿ ನಾನು ಬ್ಯಾಟರಿಯಿಂದ ಎರಡು ವೈರು ಎಳೆದು ಬಲ್ಬು ಹೊತ್ತಿಸಿದ್ದೆ. ಕೆಲಸ ನನಗೇ ಬಂತು.

ಅಂಥ ಜನರೇಟರಿನ ಎಂಜಿನ್ ಸ್ಟಾರ್ಟ್ ಆಗಲು ಇಪ್ಪತ್ನಾಲ್ಕು ವೋಲ್ಟ್ ಬೇಕು. ಅದಕ್ಕೆ ಹನ್ನೆರಡರ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಜೋಡಿಸುತ್ತೇವೆ. ಚಾರ್ಜರ್ ಹಗಲೂ ರಾತ್ರಿ ಆ ಜೋಡಿಯನ್ನು ತುಂಬಿಸಿಟ್ಟಿರುತ್ತದೆ. ನನ್ನ ಹತ್ತಿರ ಅವತ್ತು ಇದ್ದದ್ದು ಹನ್ನೆರಡು ವೋಲ್ಟಿನ ಬಲ್ಬು. ಹಾಗಾಗಿ ಒಂದೇ ಬ್ಯಾಟರಿಯಿಂದ ಕೊಟ್ಟೆ.

ಐದು ತಿಂಗಳಿಗೆ ಎಂಜಿನ್ ಏಳಲಿಲ್ಲ. ಹಳತು ಹೊಸತು ಬೆರೆಸಬಾರದೆಂಬುದು ನಮ್ಮ ಕಸುಬಿನ ನಿಯಮ. ಆದ್ದರಿಂದ ಜೋಡಿಯನ್ನೇ ಬದಲಿಸಿ, ಹಳೆಯದನ್ನು ತೂಕಕ್ಕೆ ಗುಜರಿಗೆ ಹಾಕಿದೆ. ಸತ್ತದ್ದು ಯಾವುದು ಎಂದು ನೋಡುವ ತಾಳ್ಮೆ ಇರಲಿಲ್ಲ. ಮತ್ತೆ ಐದು ತಿಂಗಳಿಗೆ ಅದೇ ಕತೆ. ಜನರೇಟರ್ ಆಪರೇಟರ್ ಶರಣಪ್ಪ ಗುಲ್ಬರ್ಗಾ ಕಡೆಯವರು, ನಲವತ್ತೈದು ದಾಟಿದ ಮಿತಭಾಷಿ. ಒಂದು ಬ್ಯಾಟರಿ ವಾರವಾರ ನೀರು ಕುಡಿಯುತ್ತದೆ, ಇನ್ನೊಂದು ಮುಟ್ಟುವುದೇ ಇಲ್ಲ ಎಂದು ಅವರು ಎರಡು ಸಲ ಹೇಳಿದರು. ಕೆಲವಕ್ಕೆ ಬಾಯಾರಿಕೆ ಜಾಸ್ತಿ ಬಿಡಿ ಎಂದು ನಗೆಯಾಡಿ ಹೊರಟುಬಿಟ್ಟೆ.

೧೯೯೮ರ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ, ಸಿಸೇರಿಯನ್ ನಡುವೆ ಕರೆಂಟು ಹೋಯಿತು. ಎಂಜಿನ್ ಮೂರು ಸಲ ನರಳಿ ನಿಂತುಬಿಟ್ಟಿತು. ಟಾರ್ಚು, ಎಮರ್ಜೆನ್ಸಿ ಲ್ಯಾಂಪು ಹಿಡಿದು ಹೊಲಿಗೆ ಮುಗಿಸಿದರು. ತಾಯಿ ಮಗು ಉಳಿದದ್ದು ಪುಣ್ಯ. ಡಾಕ್ಟರಮ್ಮ ನನ್ನನ್ನು ಕರೆಸಿದರು.

"ನಿಮ್ಮ ಬ್ಯಾಟರಿ ಸರಿ ಇಲ್ವಾ, ನಮ್ಮ ಆಪರೇಟರ್ ಸರಿ ಇಲ್ವಾ? ಸ್ಟ್ರೈಟಾಗಿ ಹೇಳಿ."

"ಬ್ಯಾಟರಿ ಕಂಪನಿ ಮಾಲು ಮೇಡಂ," ಎಂದೆ. "ಮೇಂಟೆನೆನ್ಸ್ ಸಾಲದು."

ಅಷ್ಟೇ ಮಾತು. ಅವತ್ತು ಸಂಜೆಯೇ ಶರಣಪ್ಪನ ಕೆಲಸ ಹೋಯಿತು. ನಾನು ಮತ್ತೊಂದು ಜೋಡಿ ಹಾಕಿ ಬಂದೆ.

ಎರಡು ವಾರದ ಮೇಲೆ, ಅವತ್ತು ಬಿಚ್ಚಿ ತಂದಿದ್ದ ಮೂರನೇ ಜೋಡಿಯನ್ನು ಗುಜರಿಗೆ ಒಯ್ದೆ. ಗುಜರಿಯ ಬಾಷಾ ಭಾಯ್ ತಕ್ಕಡಿ ಮುಟ್ಟಲೇ ಇಲ್ಲ, ನಗುತ್ತಾ ನಿಂತರು.

"ಏನ್ ಸೇಠ್, ಆ ಡಾಕ್ಟರಮ್ಮಂಗೆ ದುಡ್ಡು ಕೊಬ್ಬಿದ್ಯಾ? ಪ್ರತಿ ಸಲ ಜೋಡೀಲಿ ಒಂದು ಒಳ್ಳೇದೇ ಬರ್ತದೆ. ನಾನು ಲಾರಿಯೋರಿಗೆ ಮಾರ್ಕೊಂಡು ನಿಮ್ಗೆ ದುವಾ ಮಾಡ್ತಾ ಇದೀನಿ."

ಬ್ಯಾಟರಿಗಳನ್ನು ಅಲ್ಲೇ ಬಿಟ್ಟು, ಮೀಟರ್ ಹಿಡಿದು ರಿಚರ್ಡ್ಸ್ ಟೌನಿಗೆ ಹೋದೆ. ಚಾರ್ಜರಿನ ಮುಳ್ಳು ಎಂದಿನಂತೆ ಇಪ್ಪತ್ತೇಳರಲ್ಲಿತ್ತು. ಒಂದೊಂದನ್ನೇ ಅಳೆದೆ. ಒಂದರಲ್ಲಿ ಹದಿನಾಲ್ಕೂವರೆ, ಬಲ್ಬಿಗೆ ಕರೆಂಟು ಕೊಡುತ್ತಿದ್ದದ್ದರಲ್ಲಿ ಹನ್ನೆರಡೂವರೆ. ಚಾರ್ಜರಿಗೆ ಕಾಣುವುದು ಒಟ್ಟು ಲೆಕ್ಕ ಮಾತ್ರ. ಬಲ್ಬು ಒಂದನ್ನೇ ಹೀರುತ್ತಿತ್ತು, ಆ ಕೊರತೆ ತುಂಬಲು ಹೋಗಿ ಚಾರ್ಜರ್ ಇನ್ನೊಂದನ್ನು ಕುದಿಸುತ್ತಿತ್ತು. ಕುದಿದದ್ದು ನೀರು ಕೇಳಿತು, ಹಸಿದದ್ದು ಸತ್ತಿತು. ಬಲ್ಬು ಕಿತ್ತು, ಲಾರಿಯ ಇಪ್ಪತ್ನಾಲ್ಕು ವೋಲ್ಟಿನ ಬಲ್ಬು ಹಾಕಿ, ಎರಡೂ ಬ್ಯಾಟರಿ ಸೇರಿಸಿ ಕರೆಂಟು ಕೊಟ್ಟೆ. ಹತ್ತು ನಿಮಿಷದ ಕೆಲಸ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಮುಚ್ಚಿಕೊಂಡೇ ಇದ್ದೆ. ಮೂರನೇ ದಿನ ಹೊಸ ತಿಪ್ಪಸಂದ್ರದಲ್ಲಿ ಶರಣಪ್ಪನ ಬಾಡಿಗೆ ರೂಮು ಹುಡುಕಿಕೊಂಡು ಹೋದೆ. ಅವರು ರೂಮಿನಲ್ಲಿರಲಿಲ್ಲ, ಅಲ್ಲೇ ಮಾರ್ಕೆಟ್ ರೋಡಿನ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು. ಹೆಗಲ ಮೇಲಿನ ಮೂಟೆ ಇಳಿಸಿ ಪೂರ್ತಿ ಕೇಳಿಸಿಕೊಂಡರು. ಕೆಲಸ ವಾಪಸ್ ಕೊಡಿಸುತ್ತೇನೆ, ಹೋದ ದಿನಗಳ ಸಂಬಳ ನಾನೇ ಕೊಡುತ್ತೇನೆ ಎಂದೆ.

"ರೊಕ್ಕದ ಮಾತು ಬ್ಯಾಡ್ರಿ ಸಾಹೇಬ್ರ," ಎಂದರು. "ನಾ ಇಲ್ಲದಾಗ ನನ್ನ ಮ್ಯಾಲ ಮಾತು ಹಾಕಿದ್ರಿ. ಈಗ ನಾ ಇದ್ದಾಗ ಹೇಳ್ರಿ, ಅಷ್ಟ ಸಾಕು."

ಜೀವನವಿಡೀ ಚೌಕಾಸಿ ಮಾಡಿದವನು ನಾನು. ಆ ಮಾತಿಗೆ ಚೌಕಾಸಿ ಮಾಡುವ ಜಾಗವೇ ಇರಲಿಲ್ಲ.

ಮರುದಿನ ಡಾಕ್ಟರಮ್ಮನ ರೂಮಿನಲ್ಲಿ, ಶರಣಪ್ಪ ಪಕ್ಕದಲ್ಲಿ ನಿಂತಿರುವಾಗ, ಬಲ್ಬಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನೀರಿನ ಮಾತನ್ನು ಅವರು ಎರಡು ಸಲ ಹೇಳಿದ್ದರು, ನಾನು ಕೇಳಲಿಲ್ಲ ಎಂದೂ ಹೇಳಿದೆ. ಡಾಕ್ಟರಮ್ಮ ಶರಣಪ್ಪನಿಗೆ ನಾಳೆಯಿಂದ ಡ್ಯೂಟಿಗೆ ಬನ್ನಿ ಎಂದರು. ನನ್ನ ಕಡೆ ತಿರುಗಿ, "ನೀವು ಇನ್ಮೇಲೆ ಬರೋದು ಬೇಡ," ಎಂದರು. ನ್ಯಾಯವೇ ಆಗಿತ್ತು. ಹೊರಗೆ ಬಂದಾಗ ಶರಣಪ್ಪ ನನಗೆ ನಮಸ್ಕಾರ ಮಾಡಲಿಲ್ಲ, ಬೈಯಲೂ ಇಲ್ಲ. ಜನರೇಟರ್ ರೂಮಿನ ಬೀಗದ ಕೈ ಕೇಳಿ ಇಸಕೊಂಡು ಒಳಗೆ ಹೋದರು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಆಫೀಸಿನಲ್ಲೋ ಜನರೇಟರ್ ಇದ್ದರೆ, ಚಾರ್ಜರಿನ ಮುಳ್ಳು ನೋಡಿ ಸಮಾಧಾನಪಡಬೇಡಿ. ಅದನ್ನು ಆಫ್ ಮಾಡಿ, ಒಂದು ಗಂಟೆ ಬಿಟ್ಟು, ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಸಿ. ಅರ್ಧ ವೋಲ್ಟಿನ ವ್ಯತ್ಯಾಸ ಕಂಡರೂ ಎರಡರ ಮಧ್ಯದಿಂದ, ಅಂದರೆ ಒಂದೇ ಬ್ಯಾಟರಿಯಿಂದ, ಹೊರಟ ವೈರು ಎಲ್ಲಿದೆ ಹುಡುಕಿ. ದೀಪವಾಗಲಿ, ರೇಡಿಯೋ ಆಗಲಿ, ಕಿತ್ತುಹಾಕಿ. ಅಳೆದ ಮೇಲೆ ಚಾರ್ಜರ್ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ, ಮರೆಯುವವರೇ ಹೆಚ್ಚು. ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು, ಯಾವುದಕ್ಕೆ ಎಷ್ಟು ನೀರು ಹೋಗುತ್ತಿದೆ ಎಂದು ನೀರು ಹಾಕುವ ಮನುಷ್ಯನನ್ನೇ ಕೇಳಿ. ನನ್ನಂಥ ಕಾಂಟ್ರಾಕ್ಟರ್ ಪಕ್ಕದಲ್ಲಿ ನಿಂತಿದ್ದರೆ, ಆ ಮನುಷ್ಯ ಹೇಳಿ ಮುಗಿಸುವ ತನಕ ಕಾಂಟ್ರಾಕ್ಟರನನ್ನು ಹೊರಗೆ ಕಳಿಸಿ.