ಹಳದಿ ದೀಪದ ಗಲ್ಲಿ

ನಮ್ಮ ಗಲ್ಲಿಯ ದೀಪ ಕೊನೆಗೂ ಬದಲಾಯಿತು. ಹಳೆಯ ಹಳದಿ ದೀಪ ಹೋಗಿ ಬೆಳ್ಳನೆಯ ಎಲ್‌ಇಡಿ ಬಂತು. ಇಷ್ಟಕ್ಕೆ ಇವಳು ಇಷ್ಟು ದೊಡ್ಡ ನಿಟ್ಟುಸಿರು ಬಿಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಆ ಒಂದು ದೀಪಕ್ಕಾಗಿ ನಮ್ಮ ಮನೆಯಲ್ಲಿ ನಡೆದ ರಂಪ ಕೇಳಿದರೆ ಅನ್ನಿಸಲಾರದು.

ಕಾಶಿ ದೊಡ್ಡ ಊರು, ನಿಜ. ಆದರೆ ಕೇದಾರ ಘಾಟಿನ ಮೆಟ್ಟಿಲು ಹತ್ತಿ ಬಂದರೆ ಸಿಗುವ ನಮ್ಮ ಗಲ್ಲಿಗಳದ್ದೇ ಒಂದು ಸಣ್ಣ ಊರು. ಯಾರ ಮನೆಯ ಒಗ್ಗರಣೆ ಸೀದುಹೋಯಿತು ಎನ್ನುವುದೂ ಇಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಮಾವನವರು ಇಲ್ಲಿಯೇ ಹುಟ್ಟಿದವರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಗಂಗಾಪೂಜೆ ಮಾಡಿಸುವುದು ಮನೆತನದ ಕೆಲಸ. ಮಾಡಿಸುವವರು ಮಾವನವರು ಮತ್ತು ನನ್ನ ಗಂಡ. ಬಂದವರಿಗೆ ಅನ್ನ ಸಾರು ಬಡಿಸುವವರು ಅತ್ತೆ ಮತ್ತು ನಾನು. ಮೈಸೂರಿನಿಂದ ಸೊಸೆಯಾಗಿ ಬಂದ ನಾನು ಈ ಮನೆಯಲ್ಲಿ ಬಡಿಸಿದ ಎಲೆಗಳನ್ನು ಒಂದರ ಪಕ್ಕ ಒಂದು ಹಾಸಿದರೆ ಮೈಸೂರು ತಲುಪಬಹುದೇನೋ.

ಯಾತ್ರಿಕರು ಸಂಜೆ ಕೇದಾರೇಶ್ವರನ ಗುಡಿಯ ಹತ್ತಿರ ನಿಂತು ಫೋನ್ ಮಾಡಿದರೆ ಮಾವನವರು ದಾರಿ ಹೇಳುವ ಕ್ರಮ ಒಂದೇ. “ಗುಡಿ ಹಿಂದೆ ಬನ್ನಿ. ಗಲ್ಲಿ ಕವಲೊಡೆಯತ್ತೆ. ಬೇರೆ ಎಲ್ಲಾ ಕಡೆ ಬಿಳೀ ದೀಪ. ಹಳದಿ ದೀಪ ಇರೋದೇ ನಮ್ಮ ಗಲ್ಲಿ. ಕಣ್ಣು ಮುಚ್ಕೊಂಡು ಬಂದ್ಬಿಡಿ.” ಮೊದಲೆಲ್ಲ ಹೀಗೆ ಹೇಳುತ್ತಿರಲಿಲ್ಲ. ಫೋನ್ ಬಂದೊಡನೆ ಶಲ್ಯ ಹೊದ್ದು ತಾವೇ ಹೋಗಿ ಕರೆತರುತ್ತಿದ್ದರು. ಯಾತ್ರಿಕರನ್ನು ಬಾಗಿಲಿನಿಂದಲ್ಲ, ಗುಡಿಯಿಂದ ಬರಮಾಡಿಕೊಳ್ಳಬೇಕು ಎನ್ನುವುದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಈಚೆಗೆ ಅದನ್ನು ಬಿಟ್ಟಿದ್ದರು. ಮಂಡಿನೋವು ಎಂದರು, ನಾವು ನಂಬಿದೆವು.

ಸುತ್ತಲಿನ ಗಲ್ಲಿಗಳಿಗೆ ಬಿಳಿ ದೀಪ ಬಂದು ಬಹಳ ದಿನವಾಗಿತ್ತು. ನಮ್ಮದೊಂದು ಹೇಗೋ ಉಳಿದುಕೊಂಡಿತ್ತು. ಹೋದ ಚಳಿಗಾಲದ ಆರಂಭದಲ್ಲಿ ನಗರ ನಿಗಮದ ಕೆಲಸಗಾರನೊಬ್ಬ ಬಂದು ಕಂಬಕ್ಕೆ ಬಿಳಿ ಬಣ್ಣದಲ್ಲಿ ಗುರುತು ಹಾಕಿದ. ಮಾವನವರು ಜಗಲಿಯಿಂದಲೇ ಗುಡುಗಿದರು, “ಕ್ಯಾ ಕರ್ ರಹೇ ಹೋ ಭಯ್ಯಾ?”

“ನಯೀ ಬತ್ತೀ ಲಗೇಗೀ, ಪಂಡಿತ್‌ಜೀ,” ಎಂದು ಅವನು ನಕ್ಕ. ಹೊಸ ದೀಪ ಬರುತ್ತದೆ ಎಂದರೆ ಈ ಗಲ್ಲಿಯಲ್ಲಿ ಯಾರು ತಾನೇ ಬೇಡ ಎನ್ನುತ್ತಾರೆ? ನಮ್ಮ ಮಾವನವರು ಬೇಡ ಎಂದರು. ಅಂದಿನಿಂದ ಅವರಿಗೆ ದಿನಕ್ಕೊಂದು ಕಾರಣ. ಬಿಳಿ ಬೆಳಕಿನಲ್ಲಿ ಗಲ್ಲಿಯ ಹಸುಗಳಿಗೆ ನಿದ್ದೆ ಬರುವುದಿಲ್ಲ. ಬಿಳಿ ಬೆಳಕು ಆಸ್ಪತ್ರೆಗೆ ಸರಿ, ಸಂಸಾರಸ್ಥರ ಬೀದಿಗಲ್ಲ. ಯಾತ್ರಿಕರು ದಾರಿ ತಪ್ಪಿ ಯಾರದೋ ಮನೆ ಸೇರುತ್ತಾರೆ. ಕಾಲೇಜಿಗೆ ಹೋಗುವ ನನ್ನ ಮಗಳು ಒಮ್ಮೆ, “ಅಜ್ಜಾ, ಆಪ್ ಭೀ ನಾ! ಫೋನಲ್ಲಿ ಲೊಕೇಶನ್ ಭೇಜ್ ದೋ, ಆಯ್ತಲ್ಲ,” ಎಂದದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟರು.

ವಾರ್ಡಿನ ಸದಸ್ಯರ ಮನೆಗೂ ಹೋಗಿ ಬಂದರು. ಹಿರಿಯರ ಮಾತು ಎಂದು ಅವರು ಕೆಲಸವನ್ನು ಸ್ವಲ್ಪ ದಿನ ಮುಂದೆ ಹಾಕಿಸಿದರು. ಗಲ್ಲಿಯ ಲಸ್ಸಿ ಅಂಗಡಿಯವನಂತೂ ನನ್ನನ್ನು ಕಂಡಾಗಲೆಲ್ಲ, “ಪೀಲೀ ಬತ್ತೀವಾಲೀ ಭಾಭೀ ಆ ಗಯೀ,” ಹಳದಿ ದೀಪದ ಅತ್ತಿಗೆ ಬಂದರು, ಎಂದು ರೇಗಿಸತೊಡಗಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋಧಿ ಬಣ್ಣದ ಸೀರೆ ಯಾವುದು, ಗುಲಾಬಿ ಯಾವುದು ಎಂದು ಗೊತ್ತಾಗದ ಆ ಕಾಮಾಲೆ ಬೆಳಕಿನ ಮೇಲೆ ಇವರಿಗೆ ಇದೆಂಥ ಪ್ರೀತಿ? “ನಿಮ್ಮಪ್ಪನಿಗೆ ಹಟ, ಬೇರೇನಿಲ್ಲ,” ಎಂದು ಗಂಡನ ಮೇಲೆ ಹರಿಹಾಯ್ದೆ. ಅವರು ಸುಮ್ಮನೆ ಅಡಿಕೆ ಕತ್ತರಿಸುತ್ತ ಕುಳಿತರು. ಅಪ್ಪ ಮತ್ತು ಹೆಂಡತಿಯ ನಡುವೆ ಸಿಕ್ಕಿಕೊಂಡಾಗಲೆಲ್ಲ ಅವರು ಅಡಿಕೆ ಕತ್ತರಿಸುತ್ತಾರೆ.

ಆ ದಿನಗಳಲ್ಲೇ ಮಾವನವರ ಕಾಲಿನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತು. ಗೂಳಿ ತುಳಿಯಿತು ಎಂದರು. ಅದನ್ನೂ ನಂಬಿದೆವು. ಕಾಶಿಯಲ್ಲಿ ಗೂಳಿಯ ಮೇಲೆ ಏನು ಹೇಳಿದರೂ ನಡೆಯುತ್ತದೆ.

ಹೀಗಿರುವಾಗ ಹಾಸನದ ಕಡೆಯ ಒಂದು ಕುಟುಂಬ ಬಂತು. ಹೊಸದಾಗಿ ಮದುವೆಯಾದ ಹುಡುಗ ಹುಡುಗಿ, ಹುಡುಗಿಯ ಅಮ್ಮ, ಹುಡುಗಿಯ ದೊಡ್ಡಪ್ಪ. ಮರುದಿನ ಬೇಗ ರೈಲು ಹಿಡಿಯಬೇಕಿದ್ದರಿಂದ ಬೆಳಕು ಹರಿಯುವ ಮುನ್ನವೇ ಪೂಜೆ ಎಂದಾಯಿತು. ದಂಪತಿಗೆ ಗಂಗಾಪೂಜೆ, ಆಮೇಲೆ ದೊಡ್ಡಪ್ಪನಿಂದ ಅವರ ಹಿರಿಯರಿಗೆ ತರ್ಪಣ. ಗಂಡ ಬೇರೆ ಯಾತ್ರಿಕರ ಜೊತೆ ಗಯೆಗೆ ಹೋಗಿದ್ದರು. ಹೊಸ ಮದುಮಗಳು ಗಂಗೆಗೆ ಬಾಗಿನ ಕೊಡಬೇಕಾದ್ದರಿಂದ ಬಾಗಿನದ ಮೊರ ಹಿಡಿದು ನಾನೂ ಘಾಟಿಗೆ ಇಳಿದೆ.

ಮಾವನವರ ಪೂಜೆಯ ಬುಟ್ಟಿಯಲ್ಲಿ ಎರಡು ದೊನ್ನೆ. ಬಲಕ್ಕೆ ಅಕ್ಷತೆ, ಎಡಕ್ಕೆ ಕರಿ ಎಳ್ಳು. ಅಕ್ಷತೆ ಮಂಗಳಕ್ಕೆ, ಎಳ್ಳು ಸತ್ತವರಿಗೆ. ಆ ಜಾಗ ಎಂದೂ ಬದಲಾಗುವುದಿಲ್ಲ. ಆದರೆ ಅಂದು ಹುಡುಗಿಯ ಅಮ್ಮ ಕುಳಿತುಕೊಳ್ಳಲು ಜಾಗ ಮಾಡಿಕೊಳ್ಳುತ್ತ ಬುಟ್ಟಿಯನ್ನು ಎತ್ತಿ, ತಿರುಗಿಸಿ ಇಟ್ಟರು. ತಲೆಯ ಮೇಲೆ ಘಾಟಿನ ಹೊಸ ಬಿಳಿ ದೀಪ ಹಗಲಿನ ಹಾಗೆ ಉರಿಯುತ್ತಿತ್ತು. ಮಾವನವರು ಬುಟ್ಟಿಯನ್ನೇ ನೇರವಾಗಿ ನೋಡುತ್ತಿದ್ದರು. ನೋಡುತ್ತಲೇ ಬೆರಳು ಚಾಚಿ, “ಆ ಅಕ್ಷತೆ ಕೈತುಂಬ ತಗೋಮ್ಮ, ಸುಮಂಗಲಿಯಾಗಿ ನೂರು ಕಾಲ ಬಾಳು,” ಎಂದರು.

ಅವರು ತೋರಿಸಿದ್ದು ಎಳ್ಳಿನ ದೊನ್ನೆಯನ್ನು. ಆ ಮಗು ಹೇಳಿದಂತೆ ಕೈತುಂಬ ತೆಗೆದುಕೊಂಡಿತು. ಹಸಿರು ಬಳೆಯ ಕೈಯಲ್ಲಿ ಕರಿ ಎಳ್ಳು. ಹುಡುಗಿಯ ಅಮ್ಮನ ಮುಖ ಬಿಳುಚಿಕೊಂಡಿತು. ನನ್ನ ಬಾಯಿ ನನಗಿಂತ ಮೊದಲೇ ಎಚ್ಚೆತ್ತುಕೊಂಡಿತ್ತು. “ಹ್ಞಾ, ಮೊದಲು ದೃಷ್ಟಿ ತೆಗೀಬೇಕು. ಎಳ್ಳು ಮೂರು ಸಲ ನಿವಾಳಿಸಿ ನೀರಿಗೆ ಬಿಡಮ್ಮ, ಇಲ್ಲಿ ಹಾಗೇ ಮಾಡೋದು,” ಎಂದೆ. ಆ ಹುಡುಗಿ ನಿವಾಳಿಸಿ ಬಿಟ್ಟಿತು. ನಾನು ಬುಟ್ಟಿಯನ್ನು ತಿರುಗಿಸಿ ಸರಿಯಾಗಿ ಇಟ್ಟೆ. ಮಾವನವರ ಮಂತ್ರ ಒಂದು ಗಳಿಗೆ ನಿಂತು ಮುಂದುವರಿಯಿತು. ಆ ಕುಟುಂಬದ ಪರಿಚಯದವರು ಈಗ ಬಂದರೆ, “ಎಳ್ಳು ನಿವಾಳಿಸೋದು ಮಾತ್ರ ಬಿಡಬೇಡಿ,” ಎಂದು ನೆನಪಿಸುತ್ತಾರೆ. ಕಾಶಿಯಲ್ಲಿ ನನ್ನದೂ ಒಂದು ಪದ್ಧತಿ ಹುಟ್ಟಿಕೊಂಡಿದೆ.

ಎಲ್ಲರೂ ರೈಲಿಗೆ ಹೊರಟ ಮೇಲೆ ಮಾವನವರು ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತರು. ನಾನು ಕಾಫಿ ತಂದಿಟ್ಟು ಎದುರಿಗೇ ಕುಳಿತೆ. “ಮಾವ, ನಿಮಗೆ ಕಣ್ಣು ಕಾಣಿಸ್ತಾ ಇಲ್ಲ, ಅಲ್ವಾ?” ಎಂದು ಕೇಳಿಯೇಬಿಟ್ಟೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಹಳದಿ ಬೆಳಕಲ್ಲಿ ಅಷ್ಟೋ ಇಷ್ಟೋ ಕಾಣತ್ತಮ್ಮ. ಆ ಬಿಳೀ ದೀಪದ ಕೆಳಗೆ ಹೋದರೆ ಎಲ್ಲಾ ಹಾಲಲ್ಲಿ ಅದ್ದಿದ ಹಾಗೆ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಆಮೇಲೆ ಪೂರ್ತಿ ಕತ್ತಲೆ. ಕೈ ಹಿಡಿದು ಕೂರಿಸಿದ ಕಡೆ ಕೂತಿರೋರು. ನನ್ನ ಕೈಯಲ್ಲಿ ಆಗಲ್ಲ ಅದು,” ಎಂದರು.

ಒಳಗಿನಿಂದ ಕೇಳಿಸಿಕೊಂಡ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತರು. ಹಸುಗಳ ನಿದ್ದೆ, ಆಸ್ಪತ್ರೆಯ ಬೆಳಕು, ಗೂಳಿ, ಮಂಡಿನೋವು, ಎಲ್ಲವೂ ಆಗ ನನಗೆ ಒಟ್ಟಿಗೆ ಅರ್ಥವಾದವು. ಆ ಹಳದಿ ದೀಪ ಇರುವವರೆಗೆ ಅವರು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಮನೆಯ ಬಾಗಿಲನ್ನು ಅವರು ಗುರುತಿಸುತ್ತಿದ್ದದ್ದೇ ಅದರಿಂದ. ನನಗೆ ಅಳು ಬಂತು, ಸಿಟ್ಟೂ ಬಂತು. “ಇಷ್ಟು ಜನ ಇದ್ದೀವಿ ಮನೇಲಿ. ದೀಪದ ಹತ್ತಿರ ಹೇಳ್ಕೊಂಡ್ರಾ ಕಷ್ಟಾನ?” ಎಂದು ಕೂಗಾಡಿದೆ. ಕೂಗಾಡಿದ್ದಕ್ಕೇ ಇರಬೇಕು, ಮರುದಿನ ಆಸ್ಪತ್ರೆಗೆ ಬರಲು ಒಪ್ಪಿದರು.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಮ್ಮವರೇ ಒಬ್ಬ ಕಣ್ಣಿನ ಡಾಕ್ಟರಿದ್ದಾರೆ, ಧಾರವಾಡದವರು. ಯುಗಾದಿಗೆ ನಮ್ಮ ಮನೆಯ ಹೋಳಿಗೆ ತಪ್ಪಿಸಿದವರಲ್ಲ. ಅವರು ಮಾವನವರ ಕಣ್ಣಿಗೆ ಒಂದಾದ ಮೇಲೊಂದು ಯಂತ್ರ ಹಿಡಿದು ನೋಡುತ್ತಿದ್ದಾಗ ನಾನು ಬಾಗಿಲ ಹೊರಗೆ ಕೇದಾರೇಶ್ವರನಿಗೆ ಹೊತ್ತ ಹರಕೆಗಳನ್ನು ಇನ್ನೂ ತೀರಿಸುತ್ತಿದ್ದೇನೆ.

ಒಳಗೆ ಕರೆದಾಗ ಡಾಕ್ಟರು ಮಾವನವರ ಹೆಗಲ ಮೇಲೆ ಕೈಯಿಟ್ಟಿದ್ದರು. “ಹೆದರಬ್ಯಾಡ್ರಿ ಗುರುಗಳ. ನಿಮ್ಮ ತಂದ್ಯಾರಿಗೆ ಬಂದಿದ್ದು ಬ್ಯಾರೆ ಇರಬೇಕು. ನಿಮ್ಮ ಕಣ್ಣಿನ ನರ ಗಟ್ಟಿ ಅದ. ಇದು ಬರೇ ಪೊರಿ. ಚೊಲೋತ್ನಂಗ ಬಲಿತದ, ಅದಕ್ಕ ಬಿಳಿ ಬೆಳಕು ಬಡದು ಚದುರತದ. ತಗದು ಒಗದ್ರ ಮುಗೀತು.”

“ಬರೀ ಪೊರೆನಾ?” ಎಂದು ಮಾವನವರು ಕೇಳಿದರು. ಮತ್ತೆ ಕೇಳಿದರು. ಹೌದು ಎಂದಮೇಲೆ ಅಲ್ಲಿಯೇ, ಅಷ್ಟು ರೋಗಿಗಳ ಎದುರಿಗೆ, ಮಗುವಿನ ಹಾಗೆ ಅತ್ತುಬಿಟ್ಟರು. ನಾನೂ ಅತ್ತುಬಿಟ್ಟೆ. ವಾಪಸು ಬರುವಾಗ ಈ-ರಿಕ್ಷಾದಲ್ಲಿ ಇಬ್ಬರೂ ಕಡಲೆಕಾಯಿ ತಿಂದೆವು. ಮಡಿ ಆಚಾರದ ಮಾವನವರು ಬೀದಿಯಲ್ಲಿ ಕೊಂಡದ್ದನ್ನು ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ಕಣ್ಣಿಗೆ ಆಪರೇಷನ್ ಆಯಿತು. ಕೆಲವು ದಿನ ಕಳೆದು ಇನ್ನೊಂದಕ್ಕೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತಿರುವಾಗಲೇ ಮಾವನವರು ತಾವಾಗಿ ವಾರ್ಡಿನ ಸದಸ್ಯರಿಗೆ ಫೋನ್ ಮಾಡಿಸಿದರು. “ಲಗಾ ದೀಜಿಯೇ ಸಾಹಬ್, ನಯೀ ಬತ್ತೀ.” ನಿಗಮದವರು ಏಣಿ ತಂದು ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರು. ಲಸ್ಸಿ ಅಂಗಡಿಯವನು ಎಲ್ಲರಿಗೂ ಒಂದೊಂದು ಮಣ್ಣಿನ ಕುಲ್ಹಡ್ ತುಂಬ ಲಸ್ಸಿ ಕಳಿಸಿದ.

ಆ ಸಂಜೆ ದೀಪ ಹತ್ತಿದಾಗ ಮಾವನವರು ಕನ್ನಡಕ ತೆಗೆದರು. ಗೋಡೆಯ ಬಿರುಕು, ಎದುರು ಮನೆಯ ಬಾಗಿಲ ಚಿಲಕ, ಕಿಟಕಿಯಲ್ಲಿ ಒಣಹಾಕಿದ ಬಟ್ಟೆ, ಎಲ್ಲವನ್ನೂ ಹೊಸದಾಗಿ ಬಂದ ಯಾತ್ರಿಕರ ಹಾಗೆ ನೋಡಿದರು. ಆಮೇಲೆ ಬಾಗಿಲ ಮುಂದಿನ ನನ್ನ ರಂಗೋಲಿಯ ಮೇಲೆ ಕಣ್ಣು ಬಿತ್ತು. “ಇಷ್ಟು ವರ್ಷ ಹೀಗೇ ಸೊಟ್ಟ ಸೊಟ್ಟ ಹಾಕ್ತಿದ್ಯಾಮ್ಮ?” ಎಂದರು. ಅತ್ತೆ ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಫೋನ್ ಬಂತು. ಪ್ರತಿ ವರ್ಷ ಬರುವ ತುಮಕೂರಿನವರು. “ಸ್ವಾಮೀ, ಗುಡಿ ಹಿಂದೆ ನಿಂತಿದೀವಿ, ಹಳದಿ ದೀಪಾನೇ ಕಾಣಿಸ್ತಿಲ್ವಲ್ಲಾ!” ಎಂದು ಅವರು ಕೂಗಿದ್ದು ನಮಗೆಲ್ಲ ಕೇಳಿಸಿತು.

ಮಾವನವರು ಎದ್ದು ನಿಂತರು. “ಅದು ಹೋಯ್ತು. ನೀವು ಅಲ್ಲೇ ಇರಿ, ನಾನೇ ಬರ್ತೀನಿ,” ಎಂದು ಫೋನ್ ಇಟ್ಟು ಗೂಟದ ಮೇಲಿನ ಶಲ್ಯ ತೆಗೆದುಕೊಂಡರು. ಜೊತೆಗೆ ಹೋಗಲೆಂದು ಎದ್ದ ನನ್ನ ಗಂಡನ ಕೈಯನ್ನು ಅತ್ತೆ ಹಿಡಿದು ಕೂರಿಸಿದರು. ನಾವು ಮೂವರೂ ಜಗಲಿಯ ತುದಿಗೆ ಬಂದು ನಿಂತೆವು. ಅವರು ಮೆಟ್ಟಿಲಿಳಿದು, ರಂಗೋಲಿ ದಾಟಿ, ಗಲ್ಲಿಯ ತಿರುವಿನಲ್ಲಿ ಮರೆಯಾದರು.

ಸ್ವಲ್ಪ ಹೊತ್ತಿಗೆ ತುಮಕೂರಿನವರ ಗದ್ದಲ ಹತ್ತಿರವಾಯಿತು. ಅದರ ಮುಂದೆ ಮುಂದೆ ಮಾವನವರ ದನಿ ಬರುತ್ತಿತ್ತು: “ಹುಷಾರಾಗಿ ನೋಡ್ಕೊಂಡು ಬನ್ನಿ. ಇಲ್ಲೊಂದು ಕಲ್ಲು ಎದ್ದಿದೆ. ಎಡವಿದರೆ ಹೆಬ್ಬೆರಳಿನ ಉಗುರೇ ಕಿತ್ತುಹೋಗತ್ತೆ.”