ಲಕ್ಷ್ಮೀಪಟದ ಕೆಳಗಿದ್ದ ಬೆಂಕಿ ಚಿತ್ರ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಅದೂ ಎಂಥ ಕೆಲಸ ಅಂತೀರಿ, ಬಣ್ಣದ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಬೆಳಿಗ್ಗೆಯಿಂದ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ಸೊಪ್ಪಿನವಳಿಗೆ ಎರಡು ಸಲ.

ಕಾರ್ಖಾನೆಯವರು ಕೊಟ್ಟ ಸ್ಟಿಕರ್ ಹಾಳೆಯನ್ನು ಅವಳು ನಡುಮನೆಯಲ್ಲಿ ಹರಡಿದಳು. ಒಂದರಲ್ಲಿ ಬೆಂಕಿ, ಒಂದರಲ್ಲಿ ಬುರುಡೆ, ಒಂದರಲ್ಲಿ ಹನಿ ಬಿದ್ದು ಸುಟ್ಟ ಕೈ. "ಇವೇನು ಹೇಳಜ್ಜಿ ನೋಡೋಣ" ಎಂದು ನನ್ನನ್ನೇ ಪರೀಕ್ಷೆ ಮಾಡಲು ಬಂದಳು. "ಹತ್ಕೊಳ್ಳೋದು, ವಿಷ, ಆಸಿಡ್ಡು" ಎಂದು ಪಟಪಟನೆ ಹೇಳಿಬಿಟ್ಟೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು! ಆ ಹಾಳೆಯ ಗೋಂದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ಕಣ್ಣ ಮುಂದೆ ಬಂದು ನಿಂತಳು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕಾಟನ್‌ಪೇಟೆಯ ಕೆಮಿಕಲ್ ಗೋಡೌನಿನಲ್ಲಿ ನನ್ನ ಜೊತೆ ಕ್ಯಾನು ತುಂಬುತ್ತಿದ್ದವಳು. ಅವಳಿಗೂ ಓದು ಬಾರದು. ಆದರೆ ಡ್ರಮ್ಮು ತರುವ ಲಾರಿ ಡ್ರೈವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಡ್ರಮ್ಮಿನ ಮೇಲಿನ ಒಂದೊಂದು ಚಿತ್ರವನ್ನೂ ಕೇಳಿ ಕೇಳಿ ಕಲಿತು ನನಗೂ ಕಲಿಸಿದಳು. "ಅಕ್ಷರ ಬರ್ದೇ ಇದ್ರೆ ಏನಾಯ್ತೇ, ಕಣ್ಣಿಲ್ವಾ ನಿಂಗೆ?" ಎನ್ನುತ್ತಿದ್ದಳು.

ಒಂದು ವರ್ಷ ಆಯುಧಪೂಜೆಗೆ ಸಾಹುಕಾರರು ಡ್ರಮ್ಮುಗಳ ಮೇಲಿನ ಚಿತ್ರಗಳನ್ನೆಲ್ಲ ಮುಚ್ಚಿಸಿದರು. ಹಬ್ಬದ ದಿನ ಬುರುಡೆ, ಬೆಂಕಿ ಕಣ್ಣಿಗೆ ಬೀಳಬಾರದಂತೆ, ಅಪಶಕುನವಂತೆ. ಅಕ್ಕ ಬೇಡವೆಂದಳು, ಅವರು ಕೇಳಲಿಲ್ಲ. ಗೋಂದು ಹಚ್ಚಿ ಎಲ್ಲದರ ಮೇಲೂ ಲಕ್ಷ್ಮೀಪಟ ಅಂಟಿಸಿದವಳು ನಾನೇ. ಆಮೇಲೆ ಯಾವುದರಲ್ಲಿ ಏನಿದೆ ಎಂದು ನನಗೇ ತಿಳಿಯಲಿಲ್ಲ.

ಪೂಜೆಯಾಯಿತು. ಸಾಹುಕಾರರು ಉರಿಯುವ ಕರ್ಪೂರದ ತಟ್ಟೆ ಹಿಡಿದು ಒಂದೊಂದೇ ಡ್ರಮ್ಮಿಗೆ ಆರತಿ ಎತ್ತುತ್ತ ಬಂದರು. ಮೂಲೆಯಲ್ಲಿದ್ದದ್ದು ಕಿಡಿ ತಾಗಿದರೆ ಭಗ್ಗೆನ್ನುವ ಥಿನ್ನರ್, ಮುಚ್ಚಳ ಸಡಿಲವಿತ್ತು. ವಾಸನೆಯಲ್ಲೇ ಗುರುತು ಹಿಡಿದ ಅಕ್ಕ ಅಡ್ಡ ನುಗ್ಗಿ ತಟ್ಟೆಯ ಮೇಲೆ ಒದ್ದೆ ಗೋಣಿ ಹಾಕಿ ಆರತಿಯನ್ನೇ ಆರಿಸಿಬಿಟ್ಟಳು!

"ದೇವರ ಆರತಿ ಆರಿಸ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಸಾಹುಕಾರರು ಕೂಗಾಡಿದರು.

ಅಕ್ಕ ಆ ಡ್ರಮ್ಮಿನ ಪಟವನ್ನು ಮೆಲ್ಲಗೆ ಬಿಡಿಸಿ ಕಣ್ಣಿಗೊತ್ತಿಕೊಂಡಳು. ಕೆಳಗೆ ಬೆಂಕಿ ಚಿತ್ರ. "ಲಕ್ಷ್ಮೀನ ಗೋಡೆಗೆ ಹಾಕಿ ಸ್ವಾಮಿ, ದಿನಾ ಕೈ ಮುಗೀತೀನಿ. ಇಲ್ಲಿ ಇದೇ ಇರ್ಬೇಕು."

"ನಾಳೆಯಿಂದ ಬರ್ಬೇಡ ನೀನು."

"ಬರಲ್ಲ. ಆದ್ರೆ ಎಲ್ಲಾ ಪಟ ಬಿಡಿಸೇ ಹೋಗೋದು!"

ಬಿಡಿಸಿಯೇ ಹೋದಳು, ಒಂದನ್ನೂ ಹರಿಯದೆ. ಯಾರೂ ತಡೆಯಲಿಲ್ಲ. ಅವಳ ಪರ ಯಾರೂ ಮಾತಾಡಲೂ ಇಲ್ಲ. ನಾನೂ ಅಷ್ಟೇ, ತುಟಿ ಬಿಚ್ಚಲಿಲ್ಲ. ಇಬ್ಬರು ಚಿಕ್ಕ ಮಕ್ಕಳಿದ್ದರು, ಕೆಲಸ ಬೇಕಿತ್ತು... ಸ್ವಲ್ಪ ದಿನ ಬಿಟ್ಟು ಅವಳ ಮನೆಗೆ ಹೋದರೆ ಬೀಗ. ತೀರಿಕೊಂಡಳೆಂಬ ಸುದ್ದಿ ಬಂದದ್ದು ಎಷ್ಟೋ ವರ್ಷದ ಮೇಲೆ. ಜೀವ ಉಳಿಸಿದವಳಿಗೆ ಒಂದು ಮಾತೂ ಹೇಳಲಾಗಲಿಲ್ಲ. ಅದು ಇವತ್ತಿಗೂ ಉರಿಯುತ್ತದೆ.

ಇವತ್ತು ಸಂಜೆ ಒಬ್ಬಟ್ಟು ಮಾಡಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಮೊಮ್ಮಗಳಿಗೆ ಬುದ್ಧಿ ಹೇಳತೊಡಗಿದ: "ಹೊಸ ಕೆಲ್ಸ ಪುಟ್ಟಿ, ಮೇಲಿನವ್ರ ಹತ್ರ ವಾದ ಮಾಡ್ಬೇಡ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಮಾಡ್ಕೋಬೇಡ!" ಎಂದೆ. ನನ್ನ ದನಿ ಬೀದಿಗೆ ಕೇಳಿರಬೇಕು. "ತಪ್ಪು ಕಂಡ್ರೆ ಯಾರಾದ್ರೂ ಸರಿ, ಅಡ್ಡ ನಿಲ್ಲು. ಕೆಲ್ಸದಿಂದ ತೆಗೆದ್ರೆ ಮನೆಗೆ ಬಾ. ನಾನೇ ಬಂದು ಅವ್ರನ್ನ ಕೇಳ್ತೀನಿ."

"ನೀವು ಬಂದ್ರೆ ಕಾರ್ಖಾನೆನೇ ಮುಚ್ಕೊಂಡು ಓಡ್ತಾರೆ ಅತ್ತೆ" ಎಂದು ಸೊಸೆ ನಕ್ಕಳು. ಮಗನೂ ನಕ್ಕ. ಮೊಮ್ಮಗಳು ಮಾತ್ರ ನಗಲಿಲ್ಲ. ತುಪ್ಪದ ಕೈಯಲ್ಲೇ ನನ್ನ ಕೈ ಹಿಡಿದು, "ನಿಲ್ತೀನಿ ಅಜ್ಜಿ" ಎಂದಳು. ಆಮೇಲೆ ಎಲ್ಲರೂ ಹೊಟ್ಟೆ ತುಂಬ ಉಂಡೆವು.