ಗೌರಕ್ಕನ ಖಾನಾವಳಿಗೆ ಬಳಿದ ಕೆಂಪು

ಗೌರಕ್ಕ, ನಿಮ್ಮ ಖಾನಾವಳಿ ಮುಚ್ಚಿಸಿದವನು ನಾನು — ನಾನು ಬಳಿದ ಬಣ್ಣ. ಇಷ್ಟು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಕಟ್ಟೆಯ ಮೇಲೆ ಕೂತು ಹರಟಿದ್ದೇನೆ.

ಇಳಕಲ್ಲಿನಿಂದ ಬಾದಾಮಿಯವರೆಗೆ ಅರ್ಧ ಅಂಗಡಿಗಳ ಬೋರ್ಡು ಬರೆದವನು ನಾನು. ಯಾವ ಬಣ್ಣಕ್ಕೆ ಗಿರಾಕಿಯ ಕಾಲು ನಿಲ್ಲುತ್ತದೆ, ಯಾವುದಕ್ಕೆ ನಂಬಿಕೆ ಹುಟ್ಟುತ್ತದೆ — ಈಗ ಕಂಪನಿಯವರು ಕೋಟು ಹಾಕಿಕೊಂಡು ಹೇಳುವುದನ್ನು ನಾನು ಲುಂಗಿಯಲ್ಲೇ ಹೇಳುತ್ತಿದ್ದೆ. ಔಷಧಿ ಅಂಗಡಿಗೆ ತಂಪು ನೀಲಿ, ಸೀರೆ ಅಂಗಡಿಗೆ ಹೊಂಬಣ್ಣ. ಕುಳಗೇರಿ ಕ್ರಾಸಿನ ನಿಮ್ಮ ಖಾನಾವಳಿಯ ಮುಂದೆ ಹೀಗೆ ಕೊಚ್ಚಿಕೊಳ್ಳುತ್ತಿದ್ದಾಗ ನೀವು ಎಲ್ಲರೆದುರು ಅಂದಿರಿ:

“ಸಾಕ್ ಬಿಡಲೇ! ಮಂದಿ ನನ್ನ ರೊಟ್ಟಿ ತಿಂತಾರೋ, ನಿನ್ನ ಬೋರ್ಡ್ ನೆಕ್ತಾರೋ?”

ಕ್ರಾಸೆಲ್ಲ ನಕ್ಕಿತು. ನಿಮಗೊಂದು ಪಾಠ ಕಲಿಸಬೇಕೆನ್ನಿಸಿತು. ಮಾಸಿದ ಬೋರ್ಡನ್ನು ಹೊಸದಾಗಿ ಬರೆಯಲು ನೀವು ನನಗೇ ಕೊಟ್ಟಾಗ, ಹಸಿರು ಬಿಟ್ಟು ಕಡುಗೆಂಪು ಬಳಿದೆ, ಸಸ್ಯಾಹಾರಿ ಎಂಬುದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದೆ.

“ಕೆಂಪು ನೋಡಿದ್ರ ಹಸಿವು ಕೆರಳ್ತೈತ್ರಿ ಅಕ್ಕಾರ,” ಅಂದೆ.

ಅದೇನೂ ಸುಳ್ಳಲ್ಲ. ಹೇಳದೆ ಬಿಟ್ಟದ್ದು — ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಕೆಂಪು ಖಾನಾವಳಿ ಕಂಡರೆ ಯಾರೂ ಅಕ್ಷರ ಓದುವುದಿಲ್ಲ, ಮಾಂಸದೂಟವೆಂದೇ ತಿಳಿಯುತ್ತಾರೆ. ನೀವೋ, ಒಲೆ ಬಿಟ್ಟು ಹೊರಬಂದು ನೋಡುವವರಲ್ಲ.

ಹಾಗೇ ಆಯಿತು. ಲಿಂಗ ಕಟ್ಟಿದವರು ಬಸ್ಸಿನಿಂದ ಇಳಿಯಲೇ ಇಲ್ಲ, ಇಳಿದವರು, “ಕೋಳಿ ಇಲ್ಲೇನ್ರಿ?” ಎಂದು ಕೇಳಿ ಎದ್ದು ಹೋದರು. ನಾಲ್ಕು ದಿನ ಮಜಾ ನೋಡಿ, ನಾನೇ ಹಸಿರು ಬಳಿದು ಕೊಡುವುದೆಂದುಕೊಂಡಿದ್ದೆ. ಆದರೆ ಗೆದ್ದಿದ್ದೆನಲ್ಲ... ಆ ಗೆಲುವು ಇನ್ನಷ್ಟು ದಿನ ಬೇಕೆನ್ನಿಸಿತು. ಅಷ್ಟರಲ್ಲಿ ನೀವು ಬಾಗಿಲು ಹಾಕಿದಿರಿ.

ಆ ಜಾಗ ಹಿಡಿದ ಹೊಸಬನಿಗೆ ಹಸಿರು ಬೋರ್ಡು ಬರೆದವನೂ ನಾನೇ. ಅದೇ ರೊಟ್ಟಿ, ಅದೇ ಎಣ್ಣೆಗಾಯಿ. ಮಂದಿ ಸಾಲು ನಿಂತರು. ನೀವು ನೋಡಿದಿರಿ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದಿರಿ:

“ಮಂದಿಗೆಲ್ಲಾ ಕೋಳೀನ ಬೇಕಾಗೇತಿ ಅನ್ಕೊಂಡಿದ್ನೆಪಾ. ಅಲ್ಲ. ನನ್ನ ಕೈಯಾಗಿನ ರುಚೀನ ಹೋಗೇತಿ.”

ಆಗಲೂ — ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಬಸುರಿ ಮೊಮ್ಮಗಳ ಕುಬಸಕ್ಕೆ ಕರೆದಿರಿ, ಬಂದೆ. “ಆಯೀ, ನಿನ್ನ ಕೈ ಎಣ್ಣಿಗಾಯೀನ ಬೇಕು,” ಎಂದು ಆ ಹುಡುಗಿ ಕೊರಳಿಗೆ ಜೋತುಬಿದ್ದರೂ ನೀವು ಒಲೆಯ ಹತ್ತಿರ ಹೋಗಲಿಲ್ಲ. “ನನ್ನ ಕೈದು ಬ್ಯಾಡ ಬಿಡವಾ,” ಅಂದಿರಿ. ನನಗೆ ಎಲೆಯ ಮುಂದೆ ಕೂರಲಾಗಲಿಲ್ಲ.

ನಾಳೆ ಬರುತ್ತೇನೆ. ನೀವು ಬೈಯಿರಿ, ಒಳಗೆ ಕರೆಯಬೇಡಿ. ಅಂಗಳದಲ್ಲೇ ನಿಂತು, ಆ ಮೊಮ್ಮಗಳಿಗೂ ಕೇಳುವಷ್ಟು ಗಟ್ಟಿಯಾಗಿ ಇದನ್ನೆಲ್ಲ ಹೇಳಿಯೇ ಹೋಗುತ್ತೇನೆ.